ಅಮಾವಾಸ್ಯೆಯ ಮರುದಿನದ ಗಾಡಿಗಳು

ಪ್ಲಗ್ಗು ಬದಲಿಸುವುದೂ ಒಂದು ಕೆಲಸವೇ ಎಂದು ಕೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕೊಪ್ಪಳದ ಗಂಗಾವತಿ ರಸ್ತೆಯಲ್ಲಿದ್ದ ನನ್ನ ಗ್ಯಾರೇಜಿಗೆ ಕೆಲಸ ಕೇಳಿಕೊಂಡು ಬರುತ್ತಿದ್ದವರಿಗೆಲ್ಲ ಎಂಜಿನ್ ಇಳಿಸುವ ಆಸೆ. ಎಂಜಿನ್ ಇಳಿಸಿ, ಬಿಚ್ಚಿ, ಗೋಣಿತಟ್ಟಿನ ಮೇಲೆ ಹರವಿಕೊಂಡು ಕೂತರೆ ಹೋಗುವವರು ಬರುವವರು ನಿಂತು ನೋಡುತ್ತಾರೆ. ಎಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಬೆರಳುದ್ದದ ಪ್ಲಗ್ಗು ತೆಗೆಯುವವನನ್ನು ಯಾರೂ ನೋಡುವುದಿಲ್ಲ. ಈಗ ಮಂಡಿ ಬಗ್ಗುವುದಿಲ್ಲ, ಗ್ಯಾರೇಜು ಬಿಟ್ಟು ಮನೆಯಲ್ಲಿದ್ದೇನೆ. ಈ ಕಸುಬಿಗೆ ಕಾಲಿಡುವವರಿಗಾಗಿ ಗೊತ್ತಿದ್ದುದನ್ನು ಬರೆದಿಡಿ ಎಂದು ಹೆಂಡತಿ ದಿನವೂ ಹೇಳುತ್ತಾಳೆ. ಅವರಿಗೆ ಉಪಯೋಗವಾಗಲಿ ಎಂಬುದಕ್ಕಿಂತ, ಅದನ್ನೆಲ್ಲ ತಾನೊಬ್ಬಳೇ ಕೇಳಿ ಕೇಳಿ ಸಾಕಾಗಿದೆ ಎಂಬುದೇ ಅವಳ ಕಷ್ಟವಿರಬೇಕು.

ನನಗೆ ಕೆಲಸ ಕಲಿಸಿದವರು ಗಂಗಾವತಿಯ ಹುಸೇನಸಾಬ ಉಸ್ತಾದರು. ಕಾಲುವೆ ಸೀಮೆಯಲ್ಲಿ ಆಗ ಎಲ್ಲಿ ನೋಡಿದರೂ ಡೀಸೆಲ್ಲೇ, ಅದಕ್ಕೆ ಈ ಪ್ಲಗ್ಗೇ ಇಲ್ಲ. ಭತ್ತ ಹೊರುವ ಲಾರಿ, ಗದ್ದೆಯ ಟ್ರ್ಯಾಕ್ಟರು, ಜನರನ್ನು ತುಂಬಿಕೊಂಡು ಓಡಾಡುವ ಜೀಪು. ಪೆಟ್ರೋಲ್ ಕಾರು ಎಂದರೆ ಅಕ್ಕಿ ಮಿಲ್ಲಿನ ಸಾವ್ಕಾರರ ಮನೆಯಲ್ಲಿ ಒಂದು, ಡಾಕ್ಟರ ಮನೆಯಲ್ಲಿ ಒಂದು. ಅಂಥ ಕಾರು ಕೆಟ್ಟರೆ ಕಾರಟಗಿಯಿಂದಲೂ ಉಸ್ತಾದರ ಶೆಡ್ಡಿಗೇ ಕುಂಟಿಸಿಕೊಂಡು ಬರುತ್ತಿದ್ದರು. ಉಸ್ತಾದರು ಬಾನೆಟ್ಟು ತೆಗೆದು ಒಂದು ಸಲ ಅಂಗೈಯನ್ನು ಎಂಜಿನ್ನಿನ ಹತ್ತಿರ ಹಿಡಿಯುವರು, ಮತ್ತೆ ಬಾನೆಟ್ಟನ್ನು ಅರ್ಧ ಇಳಿಸಿ ಚಹಾ ತರಿಸುವರು. ಅಷ್ಟೇ. ಎಂಜಿನ್ ತಣ್ಣಗಾಗುವತನಕ ಪ್ಲಗ್ಗಿಗೆ ಕೈ ಹಾಕುವಂತಿರಲಿಲ್ಲ.

ಒಮ್ಮೆ ಮಿಲ್ಲಿನ ಸಾವ್ಕಾರರೊಬ್ಬರು, ಹೊಸಪೇಟೆಗೆ ಹೊರಟಿದ್ದವರು, ಹೀಗೆ ಕಾಯುತ್ತ ಕೂತು ಸಿಟ್ಟಿಗೆದ್ದು ಶೆಡ್ಡು ಹಾರಿಹೋಗುವಂತೆ ಕೂಗಾಡಿದರು. ಉಸ್ತಾದರು ಅವರ ಕೈಗೆ ಇನ್ನೊಂದು ಕಪ್ಪು ಚಹಾ ಕೊಟ್ಟು ಹೇಳಿದರು: “ಸಾವ್ಕಾರ್ರ, ಗಾಡೀನೂ ಬಿಸಿ ಐತಿ, ನೀವೂ ಬಿಸಿ ಅದೀರಿ. ಇಬ್ರೂ ತಣ್ಣಗಾಗ್ರಿ, ಆಮ್ಯಾಲ ಕೈ ಹಚ್ಚತೀನಿ.”

ನಾವೆಲ್ಲ ಲಾರಿಯ ಹಿಂದೆ ಹೋಗಿ ನಕ್ಕೆವು. ಆದರೆ ಮಾತಿನಲ್ಲಿ ಸತ್ಯವಿತ್ತು. ಎಂಜಿನ್ನಿನ ತಲೆ ಎನ್ನುವ ಹೆಡ್ಡು ಅಲ್ಯುಮಿನಿಯಮ್ಮಿನದು, ಪ್ಲಗ್ಗು ಉಕ್ಕಿನದು. ಬಿಸಿಯಲ್ಲಿ ತಿರುವಿದರೆ ಮೆತ್ತಗಿನ ಲೋಹ ಸೋಲುತ್ತದೆ, ಪ್ಲಗ್ಗಿನ ಜೊತೆ ಹೆಡ್ಡಿನ ಥ್ರೆಡ್ಡೂ, ಅಂದರೆ ಒಳಗಿನ ತಿರುಪಿನ ಗೆರೆಗಳೂ, ಕಿತ್ತುಕೊಂಡು ಬರುತ್ತದೆ. ಆಮೇಲೆ ಹೆಡ್ಡೇ ಹೋಯಿತು. ಇದನ್ನು ಈಗಿನವರು ಮೊಬೈಲಿನಲ್ಲಿ ನೋಡಿ ತಿಳಿದುಕೊಳ್ಳುತ್ತಾರೆ. ಉಸ್ತಾದರು ಯಾರಿಂದ ತಿಳಿದುಕೊಂಡಿದ್ದರೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಆಗಿನ ಪದ್ಧತಿಯೇ ಬೇರೆ. ಕಿಡಿಗೆ ಬೇಕಾದ ಕರೆಂಟು ಹುಟ್ಟಿಸಲು ಇಡೀ ಗಾಡಿಗೆ ಒಂದೇ ಕಾಯಿಲು, ಅಲ್ಲಿಂದ ಒಂದೊಂದು ಪ್ಲಗ್ಗಿಗೆ ಒಂದೊಂದು ವಾಯರು. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಅಂದರೆ ನಾಲ್ಕು ಕಾಲಿನ ಕುದುರೆ ಮೂರರಲ್ಲಿ ಕುಂಟಿದಂತೆ ಓಡುತ್ತಿದ್ದರೆ, ಓಡುವ ಎಂಜಿನ್ನಿನಲ್ಲೇ ಒಂದೊಂದು ವಾಯರು ಎಳೆದು ನೋಡುತ್ತಿದ್ದೆವು. ಯಾವುದನ್ನು ಎಳೆದರೂ ಶಬ್ದ ಬದಲಾಗಲಿಲ್ಲವೋ ಅಲ್ಲಿಯೇ ಜಡ್ಡು. ನಡುವೆ ಕೈಗೆ ಕರೆಂಟು ಹೊಡೆಯುತ್ತಿತ್ತು, ಬಾಯಿಂದ ತಾನಾಗಿಯೇ ಬೈಗುಳ ಬರುತ್ತಿತ್ತು. ತೆಗೆದ ಪ್ಲಗ್ಗಿನ ಮೂತಿ ನೋಡಿ ಉಸ್ತಾದರು ಗಾಡಿಯ ಜಾತಕವನ್ನೇ ಹೇಳಿಬಿಡುತ್ತಿದ್ದರು. ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ, ಬೆಳ್ಳಗೆ ಸುಟ್ಟಿದ್ದರೆ ಎಂಜಿನ್ ಕಾಯುತ್ತಿದೆ, ಎಣ್ಣೆ ಜಿಗುಟಿದ್ದರೆ ಒಳಗೆ ಸವೆದಿದೆ. ಮೂತಿ ತಿಳಿ ಕಂದು ಬಣ್ಣವಾಗಿದ್ದರೆ ಮಾತ್ರ “ಭಾಳ ಛಲೋ ಹೊಡದೀರಿ ಗಾಡಿ” ಎಂದು ಮಾಲೀಕರ ಕೈಗೇ ಕೊಡುತ್ತಿದ್ದರು.

ಆಮೇಲೆ ಹೊಸ ಗಾಡಿಗಳು ಬಂದವು. ವಾಯರುಗಳು ಹೋದವು. ಪ್ರತಿ ಪ್ಲಗ್ಗಿನ ತಲೆಯ ಮೇಲೂ ಅದರದೇ ಒಂದು ಕಾಯಿಲು ಟೋಪಿ ಹಾಕಿದ ಹಾಗೆ ಕೂತಿತು. ಎಲ್ಲದಕ್ಕೂ ಹುಕುಂ ಕೊಡಲು ಒಂದು ಕಂಪ್ಯೂಟರು. ನಮ್ಮ ಕಡೆ ಹೆಸರು ಮಾಡಿದ್ದ ಒಬ್ಬ ಮಿಸ್ತ್ರಿ ಹಳೇ ರೂಢಿಯಂತೆ ಓಡುವ ಎಂಜಿನ್ನಿನಿಂದ ಕಾಯಿಲು ಎಳೆದು, ಕಿಡಿ ಹಾರುತ್ತದೋ ಇಲ್ಲವೋ ನೋಡಲು ಹೋದ. ಕಿಡಿ ಹಾರಿತು, ಅದರ ಜೊತೆ ಕಂಪ್ಯೂಟರೂ ಹಾರಿತು. ಆ ಕಾರು ಅವನ ಅಂಗಳದಲ್ಲೇ ನಿಂತು, ಕೊನೆಗೆ ಅದರ ಹಿಂದಿನ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡತೊಡಗಿತು. ಸುದ್ದಿ ಕೇಳಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಉಸ್ತಾದರು ನಗಲಿಲ್ಲ. “ನಾಳೆ ನಾವೂ ಅದನ್ನ ಮಾಡತೀವಿ, ನಗಬ್ಯಾಡ್ರಿ” ಎಂದರು. ಗಡ್ಡ ಪೂರ್ತಿ ಬೆಳ್ಳಗಾದ ವಯಸ್ಸಿನಲ್ಲಿ ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ, ತಮಗಿಂತ ಎಷ್ಟೋ ಚಿಕ್ಕವನಾದ ಎಲೆಕ್ಟ್ರಿಷಿಯನ್ ಒಬ್ಬನ ಎದುರು ಕೂತು, ಗಾಡಿಯ ಕಂಪ್ಯೂಟರಿನಿಂದ ಜಡ್ಡು ಓದಿ ಹೇಳುವ ಸ್ಕ್ಯಾನರ್ ಹಚ್ಚುವುದನ್ನು ಕಲಿತು ಬಂದರು. ಅವನನ್ನು ಮಾತುಮಾತಿಗೂ ‘ಉಸ್ತಾದ್’ ಎಂದೇ ಕರೆಯುತ್ತಿದ್ದರಂತೆ, ಅವನು ನಾಚಿಕೊಂಡು ಸಾಯುತ್ತಿದ್ದನಂತೆ. ನಾನು ಬಹಳ ಮಂದಿ ಮಿಸ್ತ್ರಿಗಳನ್ನು ನೋಡಿದ್ದೇನೆ. ಕೆಲಸ ಬಲ್ಲವರಿಗೆ ಬರವಿಲ್ಲ. ಕೆಲಸ ಬಲ್ಲವನು ಎಂದು ಊರೆಲ್ಲ ಹೊಗಳುವಾಗ ಮತ್ತೆ ಕಲಿಯಲು ಕೂರುವವರು ಅಪರೂಪ. ಅದಕ್ಕಾಗಿ ನಾನು ಅವರ ಕಾಲಿಗೆ ಬೀಳಲೂ ಸಿದ್ಧ.

ಇನ್ನು ಅಮಾವಾಸ್ಯೆಯ ವಿಷಯ. ನಮ್ಮ ಸೀಮೆಯಲ್ಲಿ ಗಾಡಿ ಇದ್ದವರು ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡದೆ ಇರುವುದಿಲ್ಲ. ಹಾರ, ನಿಂಬೆಹಣ್ಣು, ತೆಂಗಿನಕಾಯಿ, ಊದುಬತ್ತಿ. ಅದು ಒಳ್ಳೆಯದೇ. ಎತ್ತಿಗೆ ಮಾಡುತ್ತಿದ್ದುದನ್ನು ಎಂಜಿನ್ನಿಗೂ ಮಾಡುತ್ತೇವೆ. ಆದರೆ ಭಕ್ತಿ ಹೆಚ್ಚಾದವರು ಹೊರಗೆ ತೊಳೆದರೆ ಸಾಲದೆಂದು ಬಾನೆಟ್ಟು ತೆಗೆದು, ಸರ್ವಿಸ್ ಸ್ಟೇಷನ್ನಿನ ಜೋರು ಪೈಪಿನಿಂದ ಎಂಜಿನ್ನಿಗೂ ಅಭಿಷೇಕ ಮಾಡಿಸುತ್ತಾರೆ. ಹೊಸ ಗಾಡಿಗಳಲ್ಲಿ ಪ್ಲಗ್ಗುಗಳಿರುವುದು ಆಳದ ಗುಣಿಗಳಲ್ಲಿ, ಕೈ ಬೆರಳಿಗೂ ಎಟುಕದಷ್ಟು ಕೆಳಗೆ. ಕಾಯಿಲಿನ ರಬ್ಬರು ಹಳೆಯದಾಗಿದ್ದರೆ ನೀರು ಜಾರಿ ಆ ಗುಣಿಯಲ್ಲಿ ನಿಲ್ಲುತ್ತದೆ. ಹೀಗಾಗಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನನ್ನ ಗ್ಯಾರೇಜಿನ ಮುಂದೆ ಕುಂಟುವ ಗಾಡಿಗಳ ಸಾಲು. ಯಲಬುರ್ಗಾದಿಂದ ಒಂದು, ಗಿಣಿಗೇರಾದಿಂದ ಒಂದು, ಎಲ್ಲದರ ಮೂತಿಗೂ ಬಾಡದ ಹಾರ. ಎಲ್ಲರ ಬಾಯಲ್ಲೂ ಒಂದೇ ಮಾತು: “ನಿನ್ನೆ ಪೂಜಿ ಮಾಡೇವ್ರಿ, ಇವತ್ತ ಹಿಂಗಾಗೈತಿ. ಯಾರದೋ ದೃಷ್ಟಿ ಬಿದ್ದೈತಿ.”

ಅಂಥದೊಂದು ಮರುದಿನ ಶರಣಮ್ಮ ಬಂದರು.

ಶರಣಮ್ಮ ಕುಷ್ಟಗಿ ಕಡೆಯ ರೈತಾಪಿ ಮನೆತನದ ಸೊಸೆ, ನಡುವಯಸ್ಸಿನವರು. ಅವರ ಕೆಲಸ ಹೈಬ್ರಿಡ್ ಬೀಜದ್ದು. ಟೊಮ್ಯಾಟೊ, ಹತ್ತಿ, ಬದನೆಯ ಹೂವುಗಳನ್ನು ಕೈಯಿಂದಲೇ ಕೂಡಿಸಿ ಬೀಜ ಮಾಡುವ ಕೆಲಸ. ಮೊದಲು ಬೇರೆಯವರ ಹೊಲದಲ್ಲಿ ಮೊಗ್ಗು ಬಿಡಿಸಲು ಹೋಗುತ್ತಿದ್ದವರು, ಆಮೇಲೆ ಸ್ವಂತ ಪ್ಲಾಟು ಮಾಡಿ, ಈಗ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳ ತಂಡ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ತಿರುಗಲು ಅವರೊಂದು ಹಳೆಯ ಕಾರು ಕೊಂಡಿದ್ದರು. ಸಾದಾ ಕಾರಲ್ಲ. ನೋಡಲು ಗಿಡ್ಡ, ಬಾಗಿಲ ಬಣ್ಣ ಮಾಸಿದ್ದು, ಒಳಗೆ ಮಾತ್ರ ಟರ್ಬೊ ಎಂಜಿನ್ನು. ರೇಸಿನ ಹುಚ್ಚಿನವರು ಕೊಳ್ಳುವಂಥದು. ಎರಡು ಲಕ್ಷ ಕಿಲೋಮೀಟರ್ ದಾಟಿತ್ತು. ಅದನ್ನು ಕಂಡೊಡನೆ ನಾನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಎದ್ದು ನಿಂತೆ. ನಮ್ಮ ಜಿಲ್ಲೆಯಲ್ಲಿ ಅಂಥ ಗಾಡಿ ನೋಡಿರಲಿಲ್ಲ, ಸೀರೆಯುಟ್ಟ ಹೆಣ್ಣುಮಗಳೊಬ್ಬರು ಅಂಥ ಗಾಡಿಯಿಂದ ಇಳಿದುದನ್ನಂತೂ ಎಲ್ಲಿಯೂ ನೋಡಿರಲಿಲ್ಲ.

ಪಕ್ಕದ ಸೀಟಿನಿಂದ ಅವರ ಮಾವ ಬಸನಗೌಡರು ಇಳಿದರು. ಬಿಳಿ ರುಮಾಲು, ಹಣೆ ತುಂಬ ವಿಭೂತಿ, ಮುಖ ಗಂಟು.

“ನೋಡ್ರಿ ಮಿಸ್ತ್ರಿಯವರ,” ಎಂದರು ಗೌಡರು ನನಗೆ, “ಒಂದ್ ಕಾಯಿಲ್ ಹಾಕಿಸಿದ್ವಿ, ಹೋತು. ಮತ್ತೊಂದು ಹಾಕಿಸಿದ್ವಿ, ಅದೂ ಹೋತು. ಏರು ಬಂದ್ರ ಜಗ್ಗಂಗಿಲ್ಲ, ಗಡಗಡ ನಡಗತೈತಿ. ಇದರ ದೆಸಿ ಸರಿ ಇಲ್ಲ. ನಾ ಗುಜರಿಯವಗ ಮಾತಾಡೇನಿ. ಇವತ್ತ ಆತಂದ್ರ ಆತು, ಇಲ್ಲಂದ್ರ ಇಲ್ಲಿಂದನ ಗುಜರಿಗೆ.”

ನಾನು ಶರಣಮ್ಮನವರ ಕಡೆ ನೋಡಿದೆ.

“ಹೌದ್ರಿ,” ಎಂದರು ಅವರು. “ಮಾವಾರಿಗೆ ಮಾತು ಕೊಟ್ಟೇನಿ. ಇವತ್ತ ಆಗಲಿಲ್ಲಂದ್ರ ನಾ ಏನೂ ಅನ್ನಂಗಿಲ್ಲ.” ಮಾವ ಚಹಾದಂಗಡಿಯ ಕಡೆ ಸರಿದ ಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದರು: “ನಮ್ಮ ಮನಿಯಾಗ ಎಲ್ಲಾ ಎಲ್ಲಾರದೂ ಐತ್ರಿ. ಹೊಲಾ, ದನಾ, ಒಲಿ, ಎಲ್ಲಾ. ಇದೊಂದು ನಂದು. ಹೆಂಗಾರ ಮಾಡಿ ಉಳಸಿಕೊಡ್ರಿ.”

ಗಿರಾಕಿಗಳು ಬೈಯುವುದನ್ನೂ ಚೌಕಾಸಿ ಮಾಡುವುದನ್ನೂ ಕೇಳಿದ್ದೇನೆ. ಹೀಗೆ ಕೇಳಿಕೊಂಡವರು ಕಡಿಮೆ. ನನ್ನೊಬ್ಬನಿಂದ ಆಗುವ ಕೆಲಸವಲ್ಲ ಎನಿಸಿ ಉಸ್ತಾದರಿಗೆ ಫೋನು ಮಾಡಿದೆ. ಅವರು ಆಗಲೇ ಕೆಲಸ ಬಿಟ್ಟಿದ್ದರು, ಸಕ್ಕರೆ ಕಾಯಿಲೆಯಿಂದ ಬೆರಳುಗಳಿಗೆ ಜೋಮು ಹಿಡಿದಿತ್ತು. ಆದರೂ ಗಂಗಾವತಿಯಿಂದ ಬಸ್ಸು ಹತ್ತಿ ಬಂದರು. ಬಂದವರು ಎಂದಿನಂತೆ ಎಂಜಿನ್ನಿನ ಮೇಲೆ ಅಂಗೈ ಹಿಡಿದರು. ಅಷ್ಟರಲ್ಲಿ ಅದು ತಣ್ಣಗಾಗಿತ್ತು.

ಮೊದಲು ಸ್ಕ್ಯಾನರ್ ಹಚ್ಚಿದೆವು. ಎರಡನೆಯ ಸಿಲಿಂಡರು ಉರಿಯುತ್ತಿಲ್ಲ ಎಂದಿತು. ಎರಡನೆಯದರ ಕಾಯಿಲನ್ನು ತೆಗೆದು ಮೂರನೆಯದಕ್ಕೆ ಹಾಕಿ, ಮೂರರದನ್ನು ಎರಡಕ್ಕೆ ಹಾಕಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿದೆವು. ಈಗ ಮೂರನೆಯದು ಉರಿಯುತ್ತಿಲ್ಲ ಎಂದಿತು. ಹೊಸಬರು ಇದನ್ನು ನೆನಪಿಡಬೇಕು: ಜಡ್ಡು ಕಾಯಿಲಿನ ಬೆನ್ನು ಹತ್ತಿ ಹೋದರೆ ಕಾಯಿಲು ಕೆಟ್ಟಿದೆ, ಅಲ್ಲಿಯೇ ಉಳಿದರೆ ಬೇರೆ ಏನೋ ಇದೆ. ನಾನು ಕಾಯಿಲು ಕೆಟ್ಟಿದೆ ಎಂದು ತೀರ್ಪು ಕೊಟ್ಟು ಹೊಸದು ತರಿಸಲು ಹೊರಟೆ.

“ಅದು ಎಲ್ಲರಿಗೂ ಗೊತ್ತೈತಿ,” ಎಂದರು ಉಸ್ತಾದರು. “ಒಂದರ ಹಿಂದ ಒಂದು ಕೆಡತೈತಿ ಅಂದ್ರ ಕೆಡಸಾವ ಯಾರು? ಅದನ್ನ ಈ ಡಬ್ಬಿ ಹೇಳಂಗಿಲ್ಲ.” ಎಂಜಿನ್ ಮತ್ತೆ ತಣಿಯಲೆಂದು ಬಾನೆಟ್ಟು ತೆರೆದಿಟ್ಟು ಎಲ್ಲರನ್ನೂ ಊಟಕ್ಕೆ ಕಳಿಸಿದರು.

ಊಟದ ನಂತರ ಕೆಟ್ಟ ಕಾಯಿಲನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದರು. ಅದರ ರಬ್ಬರಿನ ತುದಿ ಕೆಂಪಾಗಿತ್ತು. ತುಕ್ಕು ಎಂದುಕೊಂಡೆ. ಉಸ್ತಾದರು ಬೆರಳಿಗೆ ಹಚ್ಚಿಕೊಂಡು ಮೂಸಿದರು, ಮತ್ತೆ ಎರಡನೆಯ ಗುಣಿಯ ಮೇಲಿದ್ದ ಕಾಯಿಲನ್ನೂ ತೆಗೆದು ಕೈಬ್ಯಾಟರಿಯ ಬೆಳಕು ಬಿಟ್ಟು ಒಳಗೆ ನೋಡಿದರು. ಗುಣಿಯ ತಳದಲ್ಲಿ ನೀರು, ನೀರಿನ ಮೇಲೆ ಕುಂಕುಮ ತೇಲುತ್ತಿತ್ತು.

ಗೌಡರು ಪ್ರತಿ ಅಮಾವಾಸ್ಯೆಗೂ ತಾವೇ ನಿಂತು ಎಂಜಿನ್ ತೊಳೆಸಿ, ಅದಕ್ಕೆ ಅರಿಸಿನ ಕುಂಕುಮ ಏರಿಸಿ, ಒಡೆದ ಕಾಯಿಯ ನೀರನ್ನೂ ಅದರ ಮೇಲೆಯೇ ಚಿಮುಕಿಸುತ್ತಿದ್ದರು. ಸೊಸೆ ಜೋರಾಗಿ ಓಡಿಸುತ್ತಾಳೆ, ಆಕೆಗೆ ಏನೂ ಆಗದಿರಲಿ ಎಂಬ ಕಾಳಜಿಯಿಂದಲೇ. ಆ ಕಾಳಜಿಯ ನೀರು ಒಂದೇ ಗುಣಿಗೆ ಇಳಿದು ಕಾಯಿಲುಗಳನ್ನು ಒಂದೊಂದಾಗಿ ತಿಂದುಹಾಕಿತ್ತು. ಊರ ಮಿಸ್ತ್ರಿಗಳು ಗುಣಿಯೊಳಗೆ ಇಣುಕದೆ ಕಾಯಿಲು ಮಾತ್ರ ಬದಲಿಸುತ್ತ ಹೋಗಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ನಾನಾಗಿದ್ದರೆ ಎಲ್ಲರ ಎದುರು ಹೇಳಿಬಿಡುತ್ತಿದ್ದೆ, ನನ್ನ ನಾಲಿಗೆ ಅಂಥದು. ಉಸ್ತಾದರು ಗೌಡರನ್ನು ಹತ್ತಿರ ಕರೆದು, ಅವರ ಕೈಗೆ ಬ್ಯಾಟರಿ ಕೊಟ್ಟು, “ಸ್ವಲ್ಪ ನೋಡ್ರಿ ಗೌಡ್ರ, ನನ್ನ ಕಣ್ಣು ಮಂದ” ಎಂದರು. ಗೌಡರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದಾಗ ಅವರ ಮುಖದ ಗಂಟು ಸಡಿಲವಾಗಿತ್ತು.

“ಪೂಜಿ ಬಿಡಬ್ಯಾಡ್ರಿ,” ಎಂದರು ಉಸ್ತಾದರು ಮೆಲ್ಲಗೆ. “ಇನ್ ಮ್ಯಾಲ ಗಾಲಿಗೆ ಮಾಡ್ರಿ. ಗಾಡಿ ಹೊರೂದು ಗಾಲೀನ ಅಲ್ರೀ.”

ಕಾರಣ ಸಿಕ್ಕಿತು, ಇನ್ನೇನು ಸುಲಭ ಎಂದುಕೊಂಡೆ. ಗುಣಿಯ ನೀರನ್ನು ಸಿರಿಂಜಿಗೆ ಸಣ್ಣ ನಳಿಗೆ ಸಿಕ್ಕಿಸಿ ಹೀರಿ ತೆಗೆದೆವು. ಗಾಳಿ ಹೊಡೆದು ಕಸ ಹಾರಿಸಿದೆವು. ಹಾಗೆ ಮಾಡದೆ ಪ್ಲಗ್ಗು ತೆಗೆದರೆ ಕಸವೆಲ್ಲ ಎಂಜಿನ್ನಿನ ಹೊಟ್ಟೆಗೆ ಬೀಳುತ್ತದೆ. ಒಂದು, ಮೂರು, ನಾಲ್ಕು, ಈ ಮೂರು ಪ್ಲಗ್ಗುಗಳು ಹೇಳಿದ ಮಾತು ಕೇಳಿ ಬಂದವು. ಎರಡನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹಿಂದೆ ಯಾರೋ ಮೂರನ್ನಷ್ಟೇ ಬದಲಿಸಿ, ಇದು ಬರಲಿಲ್ಲವೆಂದು ಹಾಗೆಯೇ ಬಿಟ್ಟು ಮೇಲೆ ಕಾಯಿಲು ಮುಚ್ಚಿ ಕಳಿಸಿದ್ದರು. ಗಾಡಿ ಹುಟ್ಟಿದಾಗಿನಿಂದ ಅಲ್ಲಿಯೇ ಇದ್ದ ಪ್ಲಗ್ಗು ಅದು, ಸುತ್ತಲೂ ತುಕ್ಕು. ಜೋರು ಮಾಡಿದರೆ ಅರ್ಧಕ್ಕೆ ಮುರಿಯುತ್ತದೆ. ಮುರಿದರೆ ಹೆಡ್ಡು ಇಳಿಸಬೇಕು. ಆ ಗಾಡಿಗೆ ಹೆಡ್ಡು ಸಿಗುವುದು ಎಲ್ಲಿ? ಕಂಪನಿಯೇ ಅದನ್ನು ಮಾಡುವುದು ಬಿಟ್ಟಿತ್ತು. ಮುರಿಯುವುದೂ ಗುಜರಿಯೂ ಒಂದೇ.

ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದೆವು. ನಾನು ಉದ್ದನೆಯ ಪಾನಾ ಇಳಿಸಿ ಹಿಡಿಕೆಗೆ ಬಲ ಕೊಟ್ಟೆ. ಉಸ್ತಾದರು ನನ್ನ ಮೊಣಕೈ ಮೇಲೆ ಕೈಯಿಟ್ಟಿದ್ದರು. ಹಿಡಿಕೆ ಸ್ವಲ್ಪ ಸರಿದ ಹಾಗಾಯಿತು.

“ಬಿಡು!” ಎಂದರು.

“ತಿರಗಾಕತ್ತೈತಿ ಉಸ್ತಾದ್.”

“ತಿರಗವಲ್ದು, ತಿರಚಾಕತ್ತೈತಿ. ಪ್ಲಗ್ಗು ಅಲ್ಲೇ ಐತಿ, ಅದರ ಕುತ್ತಿಗಿ ಹೊಳ್ಳಾಕತ್ತೈತಿ. ನಿನ್ನ ಕೈ ಟ್ರ್ಯಾಕ್ಟರ್ ಬಿಚ್ಚಿದ ಕೈ ವಿರೂಪ್ಯಾ, ಅದಕ್ಕ ಇಷ್ಟು ಸಣ್ಣದು ತಿಳಿಯಂಗಿಲ್ಲ. ನನ್ನ ಬೆರಳಿಗೆ ಜೀವಾನ ಇಲ್ಲ.”

ಸ್ವಂತ ಗ್ಯಾರೇಜಿನಲ್ಲಿ, ಗಿರಾಕಿಯ ಎದುರು ಹೀಗೆನಿಸಿಕೊಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನಗೂ ಬಂತು. ಪಾನಾ ಅಲ್ಲಿಯೇ ಬಿಟ್ಟು ಸರಿದು ನಿಂತೆ. ಉಸ್ತಾದರು ನನ್ನ ಮುಖ ನೋಡಲೇ ಇಲ್ಲ. ಅವರು ನೋಡುತ್ತಿದ್ದುದು ಶರಣಮ್ಮನವರ ಕೈಗಳನ್ನು.

“ಯವ್ವಾ, ನೀ ಹೂವಿನ ಕೆಲಸ ಮಾಡತೀ ಅಂದೆಲ್ಲಾ. ಅದು ಹೆಂಗ ಮಾಡತೀರಿ?”

ಶರಣಮ್ಮನವರಿಗೆ ಈ ಹೊತ್ತಿನಲ್ಲಿ ಇದ್ಯಾಕೆ ಎನಿಸಿರಬೇಕು. ಆದರೂ ಹೇಳಿದರು. “ನಾಳೆ ಅರಳೂ ಮೊಗ್ಗು ಇರತೈತಲ್ರಿ, ಅದನ್ನ ಇವತ್ತ ಸಂಜಿಗೆ ಬಿಡಿಸಿ ಒಳಗಿನ ಗಂಡು ಎಳಿ ತಗೀತೀವ್ರಿ. ನಡುವ ಹೆಣ್ಣು ಇರತೈತಿ, ನೂಲಿನಷ್ಟು. ಅದಕ್ಕ ಉಗುರು ತಾಗಿದ್ರ ಕಾಯಿ ಕಟ್ಟಂಗಿಲ್ಲ. ಗಂಡು ಹರಕೊಂಡು ಬರೂ ಮುಂದ ಬೆರಳಿಗೆ ಒಂದೀಟು ಜಗ್ಗಿದಂಗ ಆಗತೈತಿ. ಅಲ್ಲಿಗೆ ನಿಂದ್ರಸಬೇಕು. ಕಣ್ಣಿಗೆ ಕಾಣಂಗಿಲ್ರಿ, ಬೆರಳಿಗೇ ತಿಳೀಬೇಕು.”

ಉಸ್ತಾದರು ಪಾನಾದ ಹಿಡಿಕೆ ತೋರಿಸಿದರು. “ಹಂಗಾರ ಬಾ. ಇದೂ ಅದ ಕೆಲಸ.”

ಗ್ಯಾರೇಜಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿದರು. ನಾನು ಬೇಡವೆಂದೆ. ಗೌಡರೂ “ಏ, ಅಕಿ ಕಡೆಯಿಂದ ಏನಾಗತೈತ್ರಿ ಸಾಬ್ರ” ಎಂದರು. ಶರಣಮ್ಮನವರು ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ಮುಂದೆ ಬಂದರು.

“ಮುರದ್ರ ನನ್ನ ಕೈಲೇ ಮುರೀಲಿ,” ಎಂದರು. “ಇನ್ನೊಬ್ಬರ ಮ್ಯಾಲ ಹಾಕೂದು ಬ್ಯಾಡ.”

ಮುಂದಿನದನ್ನು ನಾನು ಇವತ್ತಿಗೂ ಕಣ್ಣೆದುರು ಕಾಣುತ್ತೇನೆ. ಗೌಡರು ಬ್ಯಾಟರಿ ಹಿಡಿದು ನಿಂತರು. ಶರಣಮ್ಮನವರು ಕಣ್ಣು ಮುಚ್ಚಿಕೊಂಡೇ ಹಿಡಿಕೆಗೆ ಎರಡು ಕೈ ಹಾಕಿದರು. ಒತ್ತಲಿಲ್ಲ, ಸುಮ್ಮನೆ ತೂಕ ಬಿಟ್ಟರು. ತಡೆದರು. ಬಿಗಿಯುವ ಕಡೆಗೇ ಕೊಂಚ ತಿರುವಿದರು, ಮತ್ತೆ ಬಿಚ್ಚುವ ಕಡೆಗೆ. ಉಸ್ತಾದರು ಹನಿ ಹನಿ ಎಣ್ಣೆ ಬಿಡುತ್ತಿದ್ದರು. “ಜಗ್ಗತೈತ್ರಿ” ಎಂದು ಶರಣಮ್ಮ ಹೇಳುವುದು, ಕೂಡಲೇ ಬಿಡುವುದು. “ಈಗ ಇಲ್ರಿ” ಎನ್ನುವುದು, ಮತ್ತೆ ಕೈ ಹಾಕುವುದು. ಉಸ್ತಾದರು ಒಂದು ಸಲವೂ ಅವಸರ ಮಾಡಲಿಲ್ಲ, ಹೀಗೆ ಮಾಡು ಹಾಗೆ ಮಾಡು ಎನ್ನಲಿಲ್ಲ. ಹೊರಗಿನ ಬಿಸಿಲು ಗ್ಯಾರೇಜಿನ ಹೊಸ್ತಿಲು ದಾಟಿ ಒಳಕ್ಕೆ ಬಂತು. ನನ್ನ ಸಿಟ್ಟು ಯಾವಾಗ ಇಳಿಯಿತೋ ನನಗೇ ತಿಳಿಯಲಿಲ್ಲ. ಶರಣಮ್ಮನವರ ಕೈ ಸರಿದಾಗ ನಾನೂ ನನ್ನ ಕೈಯನ್ನು ಗಾಳಿಯಲ್ಲಿ ಸರಿಸುತ್ತ ನಿಂತಿದ್ದೆ.

ಇದ್ದಕ್ಕಿದ್ದಂತೆ ಕಿರ್ ಎಂದಿತು.

ಗೌಡರ ಕೈಯ ಬ್ಯಾಟರಿ ಎಂಜಿನ್ನಿನ ಸಂದಿಗೆ ಬಿತ್ತು.

“ಮುರೀಲಿಲ್ಲ,” ಎಂದರು ಶರಣಮ್ಮ, ಇನ್ನೂ ಕಣ್ಣು ಮುಚ್ಚಿಕೊಂಡೇ. “ಬಿಟ್ಟೈತಿ. ಬರಾಕತ್ತೈತಿ.”

ಬಂತು. ತುಕ್ಕಿನ ಪುಡಿ ಉದುರಿಸುತ್ತ, ಹಟಮಾರಿ ಹಲ್ಲು ಕಿತ್ತ ಹಾಗೆ, ಪೂರ್ತಿ ಬಂತು. ಉಸ್ತಾದರು ಅದನ್ನು ಬಟ್ಟೆಯಲ್ಲಿ ಹಿಡಿದು ಥ್ರೆಡ್ಡು ನೋಡಿದರು, ಆಮೇಲೆ ಗುಣಿಯೊಳಗೆ ನೋಡಿದರು. ಹೆಡ್ಡಿಗೆ ಗೀರೂ ಬಿದ್ದಿರಲಿಲ್ಲ. ಶರಣಮ್ಮನವರ ತಲೆಯ ಮೇಲೆ ಕೈಯಿಟ್ಟು “ಶಾಬಾಸ್ ಬೇಟಿ” ಎಂದರು. ಇಷ್ಟು ವರ್ಷ ಅವರ ಕೈಕೆಳಗೆ ಮತ್ತು ಪಕ್ಕದಲ್ಲಿ ದುಡಿದವನು ನಾನು. ಆ ‘ಶಾಬಾಸ್’ ನನ್ನ ಕಿವಿಗೆ ಎಂದೂ ಬಿದ್ದಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಆದರೂ ನಾನೇ ಮೊದಲು ಚಪ್ಪಾಳೆ ತಟ್ಟಿದ್ದು.

ಗೌಡರು ರುಮಾಲು ತೆಗೆದು ಬೆವರು ಒರೆಸಿಕೊಂಡರು. “ನಮ್ಮ ಮನಿಯಾಗ ಇಂಥಾ ಕೈ ಐತಿ ಅಂತ ಗೊತ್ತಿರಲಿಲ್ಲ ನೋಡ್ರಿ” ಎಂದರು. ಗುಜರಿಯವನ ಫೋನು ಆಗಲೇ ಬಂದಿತು. ಗೌಡರು ಅದನ್ನೆತ್ತಿ, “ಯಾವ ಗಾಡಿನೋ? ನಮ್ಮಲ್ಲಿ ಗುಜರಿಗೆ ಹಾಕೂ ಗಾಡಿ ಯಾವದೂ ಇಲ್ಲ” ಎಂದು ಇಟ್ಟುಬಿಟ್ಟರು.

ಹೊಸ ಪ್ಲಗ್ಗು ಕೂರಿಸುವುದನ್ನೂ ಉಸ್ತಾದರು ಶರಣಮ್ಮನವರಿಂದಲೇ ಮಾಡಿಸಿದರು. ಪ್ಲಗ್ಗಿನ ಹಿಂಭಾಗಕ್ಕೆ ಹಳೆಯ ರಬ್ಬರಿನ ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಿ ಗುಣಿಯೊಳಗೆ ಇಳಿಸಿ, ಪೈಪನ್ನು ಬೆರಳಲ್ಲೇ ತಿರುಗಿಸಬೇಕು. ಥ್ರೆಡ್ಡು ಸರಿಯಾಗಿ ಕೂತರೆ ಸಲೀಸಾಗಿ ಹೋಗುತ್ತದೆ. ಅಡ್ಡ ಕೂತರೆ ಪೈಪೇ ಜಾರುತ್ತದೆ, ಹೆಡ್ಡು ಉಳಿಯುತ್ತದೆ. ಕಬ್ಬಿಣದ ಪಾನಾ ಕೊನೆಯ ಬಿಗಿಗೆ ಮಾತ್ರ. ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಸಾಮಾನು ಯಾವ ಕಂಪನಿಯೂ ಮಾಡಿಲ್ಲ. ನಾಲ್ಕೂ ಪ್ಲಗ್ಗು ಹೊಸವು, ನಾಲ್ಕೂ ಕಾಯಿಲು ಹೊಸವು, ಬೇರೆ ಗಾಡಿಗಳಿಗೂ ಹೊಂದುವಂಥವಾದ್ದರಿಂದ ಊರ ಅಂಗಡಿಯಲ್ಲೇ ಸಿಕ್ಕಿದ್ದವು. ಕೆಟ್ಟದ್ದೊಂದನ್ನೇ ಬದಲಿಸಿದರೆ ಸಾಲದೇ ಎಂದು ನಾನು ಕೇಳಿದಾಗ ಉಸ್ತಾದರು, “ಹಳೇ ಎತ್ತು ಹೊಸಾ ಎತ್ತು ಕೂಡಿ ನೊಗಕ್ಕ ಹೂಡಬ್ಯಾಡ, ಗಾಡಿ ಭಾಳ ಓಡೈತಿ” ಎಂದರು.

ಶರಣಮ್ಮ ಚಾವಿ ತಿರುವಿದರು. ಎಂಜಿನ್ ಒಂದೇ ಸಮನೆ ನುಡಿಯಿತು. ಅವರು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟರು. ಗೌಡರು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಹೆದ್ದಾರಿಗೆ ಏರಿದ ಮೇಲೆ ಆ ಗಾಡಿ ಎಳೆದ ಎಳೆತ! ಗ್ಯಾರೇಜಿನ ಮುಂದೆ ನಿಂತು ಶಬ್ದ ಕರಗುವವರೆಗೂ ಕೇಳಿದೆವು. ಉಸ್ತಾದರಿಗೆ ಗಂಗಾವತಿಯ ಬಸ್ಸು ತಪ್ಪಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಮತ್ತೆ ಪ್ಲಗ್ಗು ಬದಲಿಸುವ ಕಾಲ ಬಂದಿರಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ಶರಣಮ್ಮನವರ ಫೋನು ಬಂತು. ಗಾಡಿ ಯಾವಾಗ ತರುತ್ತೀರಿ, ಬೆಳಿಗ್ಗೆ ಬೇಗ ಬನ್ನಿ, ಉಸ್ತಾದರನ್ನೂ ಕರೆಸುತ್ತೇನೆ ಎಂದು ನಾನೇ ಉತ್ಸಾಹದಿಂದ ಶುರುಮಾಡಿದೆ.

“ಗಾಡಿ ಯಾಕ್ರೀ ಮಿಸ್ತ್ರಿಯವರ?” ಎಂದರು ಅವರು. “ಪ್ಲಗ್ಗಷ್ಟ ಬಸ್ಸಿನಾಗ ಇಟ್ಟು ಕಳಸ್ರಿ. ನಂದು ಒಂದಕ್ಕ, ನಮ್ಮ ತಂಡದಾಗಿನ ಇಬ್ಬರು ಗಾಡಿ ತಗೊಂಡಾರ, ಅವರವೂ ಸೇರಿ. ಎಲ್ಲಾ ನಾನ ಹಾಕತೀನಿ.”

ಅಂಗಡಿಯಿಂದ ಪ್ಲಗ್ಗು ತಂದೆ. ಒಂದೊಂದರ ಪೆಟ್ಟಿಗೆ ಬಿಚ್ಚಿ, ಮೂತಿಯಲ್ಲಿ ಕಿಡಿ ಹಾರುವ ಗ್ಯಾಪು ಅಳೆದು ನೋಡಿ ಮತ್ತೆ ಮುಚ್ಚಿದೆ. ಬೇರೆ ಯಾರ ಕೈಲೂ ಕೊಡದೆ ನಾನೇ ಬಸ್‌ಸ್ಟ್ಯಾಂಡಿಗೆ ನಡೆದುಹೋಗಿ, ಕುಷ್ಟಗಿ ಬಸ್ಸಿನ ಕಂಡಕ್ಟರನ ಕೈಗೆ ಪೊಟ್ಟಣ ಕೊಟ್ಟೆ. “ಯಾರಿಗ್ರೀ ಇದು?” ಎಂದ ಅವನು.

“ಕುಷ್ಟಗ್ಯಾಗ ಒಬ್ರು ಮಿಸ್ತ್ರಿ ಅದಾರ,” ಎಂದೆ. “ಶರಣಮ್ಮ ಅಂತ.”